ರಂಪಣಿ ಬಲೆ ಮತ್ತು ಸುತ್ಯೆಸ್ಕ ಕಣಿವೆ: ಗುಡ್ಡಗಾಡಿನಲ್ಲಿ ಸೇನೆಯ ಸುತ್ತುವರಿಕೆ ಹೇಗೆ ನಡೆಯುತ್ತದೆ

ರಂಪಣಿ ಎಳೆಯುವುದನ್ನು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ದೋಣಿ ದಂಡೆಯಿಂದ ಹೊರಟು, ಬಲೆ ಬಿಡುತ್ತ ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತಿ ಮತ್ತೆ ದಂಡೆಗೇ ಬರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಹಿಮ್ಮಡಿ ಮರಳಿಗೆ ಊರಿ ಎಳೆಯುತ್ತಾರೆ. ಮೇಲಂಚಿನ ಬೆಂಡು ತೇಲುತ್ತದೆ, ಕೆಳಂಚಿನ ಭಾರ ತಳವನ್ನು ಒರೆಸಿಕೊಂಡು ಬರುತ್ತದೆ. ಜಾಗ ಕಿರಿದಾದ ಹಾಗೆ ಒಳಗಿನ ಬಂಗಡೆ, ತಾರ್ಲೆ ಮಿರಮಿರನೆ ಜಿಗಿಯತೊಡಗುತ್ತವೆ. ಆದರೆ ರಂಪಣಿ ಹಾಕುವುದು ಮರಳು ತಳವಿದ್ದಲ್ಲಿ ಮಾತ್ರ. ಬಂಡೆಗೆ ಸಿಕ್ಕಿ ಕೆಳಂಚು ಒಂದು ಮೊಳ ಮೇಲೆದ್ದರೂ ಸಾಕು, ಮೀನಿನ ಹಿಂಡು ಆ ಸಂದಿನಲ್ಲೇ ನುಸುಳಿ ಹೋಗುತ್ತದೆ.

ಗುಡ್ಡ ಹಿಡಿದ ಹೋರಾಟಗಾರರನ್ನು ಬಗ್ಗುಬಡಿಯಲು ಸೇನೆ ಬೀಸುವುದೂ ಇಂಥದೇ ಬಲೆ. ಆ ಬಲೆ ಬೀಸುವ ನೆಲ ಮಾತ್ರ ಪೂರ್ತಿ ಬಂಡೆ. ಪತ್ರಿಕೆಗಳಲ್ಲಿ 'ಕೂಂಬಿಂಗ್ ಕಾರ್ಯಾಚರಣೆ' ಎಂದು ನಾವು ಓದುವುದು ಇದರ ಸಣ್ಣ ರೂಪ. ದೊಡ್ಡ ರೂಪ ನೋಡಬೇಕಾದರೆ 1943ರ ಮೇ ತಿಂಗಳ ಯುಗೊಸ್ಲಾವಿಯಾಕ್ಕೆ ಹೋಗಬೇಕು.

ಜರ್ಮನಿ ಮತ್ತು ಅದರ ಮಿತ್ರರು 1941ರಲ್ಲಿ ಆ ದೇಶವನ್ನು ಹಿಡಿದು ಹರಿದು ಹಂಚಿಕೊಂಡಿದ್ದರು. ಅವರ ವಿರುದ್ಧ ಬೆಟ್ಟ ಹತ್ತಿದವರಲ್ಲಿ ಪ್ರಬಲರಾದವರು ಟಿಟೊ ನಾಯಕತ್ವದ ಪಾರ್ಟಿಸಾನರು. 1954ರಲ್ಲಿ ಭಾರತಕ್ಕೆ ಬಂದು ನೆಹರೂ ಜೊತೆ ಅಲಿಪ್ತ ನೀತಿಯ ಮಾತಾಡಿದ ಟಿಟೊ ಇವರೇ. ಮಿತ್ರರಾಷ್ಟ್ರಗಳ ಪಡೆ ಏಡ್ರಿಯಾಟಿಕ್ ಕರಾವಳಿಯಲ್ಲಿ ಇಳಿದೀತು ಎಂಬ ಭಯ ಜರ್ಮನರಿಗಿತ್ತು. ಅಂಥ ದಿನ ಬರುವ ಮೊದಲೇ ಬೆನ್ನ ಹಿಂದಿನ ಈ ಪಡೆಯನ್ನು ಮುಗಿಸಬೇಕಿತ್ತು. ಆ ಯೋಜನೆಗೆ ಅವರಿಟ್ಟ ಹೆಸರು 'ಶ್ವಾರ್ಟ್ಸ್', ಅಂದರೆ ಕಪ್ಪು. ಯುಗೊಸ್ಲಾವಿಯಾದ ಚರಿತ್ರೆಯಲ್ಲಿ ಅದು ಐದನೆಯ ಆಕ್ರಮಣ, ಅಥವಾ ಸುತ್ಯೆಸ್ಕ ಕದನ. ಮೇ 15ಕ್ಕೆ ಶುರುವಾಗಿ ಜೂನ್ ಮಧ್ಯದವರೆಗೆ ನಡೆಯಿತು. ಸುತ್ತುವರಿದವರು ಜರ್ಮನ್, ಇಟಾಲಿಯನ್, ಕ್ರೊಯೇಷಿಯನ್, ಬಲ್ಗೇರಿಯನ್ ಸೈನಿಕರು ಸೇರಿ ಸುಮಾರು 1,27,000. ಒಳಗಿದ್ದವರು ಸುಮಾರು 22,000, ಅವರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಗಾಯಾಳುಗಳು ಮತ್ತು ಜ್ವರಪೀಡಿತರು.

ಒಬ್ಬನಿಗೆ ಆರು ಮಂದಿಯ ಲೆಕ್ಕ. ಇಷ್ಟು ಜನ ಯಾಕೆ ಬೇಕಾಯಿತು ಎಂಬುದನ್ನು ನಮ್ಮ ಮೂರು ತಾಲೂಕುಗಳನ್ನೇ ಇಟ್ಟುಕೊಂಡು ನೋಡೋಣ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿಂದ ಘಟ್ಟದ ನೆತ್ತಿಯವರೆಗೆ 40 ಕಿಲೋಮೀಟರ್ ಎಂದು ಹಿಡಿದರೆ ಸುತ್ತಳತೆ 200 ಕಿಲೋಮೀಟರ್ ಆಗುತ್ತದೆ. ನೂರು ಮೀಟರಿಗೊಂದು ಕಾವಲು, ಕಾವಲಿಗೆ ನಾಲ್ಕು ಜನ, ದಿನಕ್ಕೆ ಮೂರು ಪಾಳಿ ಎಂದರೆ 24,000 ಜನ ಬೇಕು. ಗೇರುಸೊಪ್ಪೆಯಿಂದ ಮೇಲಿನ ಕಾಡಿನಲ್ಲಿ ನೂರು ಮೀಟರ್ ಆಚೆ ಏನು ಕಾಣುತ್ತದೆ? ಇಪ್ಪತ್ತೈದು ಮೀಟರಿಗೊಂದು ಕಾವಲು ಹಾಕಿದರೆ ಲೆಕ್ಕ 96,000ಕ್ಕೆ ಏರುತ್ತದೆ. ಇವರೆಲ್ಲ ನಿಂತಲ್ಲೇ ನಿಲ್ಲುವವರು. ಒಳಗೆ ನುಗ್ಗಿ ಅಟ್ಟುವವರು, ಅನ್ನ ಮದ್ದುಗುಂಡು ಹೊರುವವರು ಬೇರೆ.

ಹಾಗಾಗಿ ಯಾವ ಸೇನಾಪತಿಯೂ ಇಡೀ ಗೆರೆಯನ್ನು ಕಾಯುವುದಿಲ್ಲ, ಕಾಯಲಾಗುವುದೂ ಇಲ್ಲ. ಅವನು ಹಿಡಿಯುವುದು ದಾಟುವ ಜಾಗಗಳನ್ನು. ನಮ್ಮ ಕಡೆಯಾದರೆ ದೇವಿಮನೆ ಘಟ್ಟ, ಗೇರುಸೊಪ್ಪೆ ಘಟ್ಟ, ಭಟ್ಕಳದಿಂದ ಕೋಗಾರಿನ ದಾರಿ; ಶರಾವತಿಯ ಮೇಲಿನ ಸೇತುವೆ, ಅಘನಾಶಿನಿಯ ತಾರಿ, ಹಳ್ಳಕ್ಕೆ ಹಾಕಿದ ಕಾಲುಸಂಕ. ಹಿಂದೆ ಮಲೆನಾಡಿನಲ್ಲಿ ಬೇಟೆಗೆ ಹೋಗುತ್ತಿದ್ದವರು ಇದನ್ನೇ ಮಾಡುತ್ತಿದ್ದರು. ಕೋವಿ ಹಿಡಿದವರು ಕಂಡಿಗಳಲ್ಲಿ ಬಿಲ್ಲಿಗೆ ಕೂರುವರು, ಉಳಿದವರು ಎದುರು ದಿಕ್ಕಿನಿಂದ ಗದ್ದಲ ಮಾಡುತ್ತ ಹಳು ಸೋವುತ್ತ ಬರುವರು. ಜರ್ಮನರ ಯೋಜನೆಯಲ್ಲೂ ಎರಡು ಪಾಲು. ಪರ್ವತ ಯುದ್ಧಕ್ಕೆಂದೇ ತರಬೇತಾದ ದಳಗಳು ಎತ್ತರದ ಕಂಡಿಗಳನ್ನು ಹಿಡಿದು ಅಟ್ಟಿಕೊಂಡು ಬರುವುದು, ಉಳಿದವು ಹೊಳೆಯ ದಂಡೆಗಳಲ್ಲಿ ತಡೆಯಾಗಿ ನಿಲ್ಲುವುದು. ಮೇಲಿನಿಂದ ವಿಮಾನಗಳು.

ಹೊಳೆ ಎಂದೆ. ಅಲ್ಲಿನ ತಾರಾ, ಪೀವಾ, ಸುತ್ಯೆಸ್ಕ ಹೊಳೆಗಳು ನಮ್ಮ ಶರಾವತಿ ಹೊನ್ನಾವರದಲ್ಲಿ ಹರಡಿಕೊಂಡ ಹಾಗೆ ಇಲ್ಲ. ಜೋಗದ ಕೆಳಗಿನ ಕೊರಕಲನ್ನು ನೆನೆಸಿಕೊಳ್ಳಿ. ಎರಡೂ ಕಡೆ ಗೋಡೆಯ ಹಾಗೆ ಎದ್ದ ಬಂಡೆ, ಅಡಿಯಲ್ಲಿ ಸೆಳೆತದ ನೀರು. ಸುತ್ತಲಿನ ದುರ್ಮಿತೋರ್ ಶಿಖರ ಎರಡೂವರೆ ಸಾವಿರ ಮೀಟರ್ ದಾಟುತ್ತದೆ. ಇಂಥ ಕಡೆ ಯುದ್ಧ ನಡೆಯುವುದು ಮುಖ್ಯವಾಗಿ ಏರಿನ ತುದಿಗಾಗಿ. ಪೀವಾ ಮತ್ತು ಸುತ್ಯೆಸ್ಕ ನಡುವಿನ ವುಚೆವೊ ಎಂಬ ಎತ್ತರದ ಬಯಲಿಗೆ ಜರ್ಮನರಿಗಿಂತ ಮೊದಲು ಪಾರ್ಟಿಸಾನರ ಒಂದು ತುಕಡಿ ತಲುಪಿತು. ಅದು ತಡವಾಗಿದ್ದರೆ ಉಳಿದವರೆಲ್ಲ ಕೆಳಗೆ ಕೊರಕಲಿನಲ್ಲೇ ಸಿಕ್ಕಿಬೀಳುತ್ತಿದ್ದರು.

ಬಲೆ ಕಿರಿದಾದ ಹಾಗೆ ಕೋವಿಗಿಂತ ಹಸಿವು ಹೆಚ್ಚು ಕೊಲ್ಲುತ್ತದೆ. ಸೇನೆಗೂ ಅದು ಗೊತ್ತು. ದಿನ ತಳ್ಳುವುದೇ ಅದರ ಆಯುಧ. ಪಾರ್ಟಿಸಾನರು ಕುದುರೆಗಳನ್ನು ಕಡಿದು ತಿಂದರು, ತುರಿಕೆ ಸೊಪ್ಪು, ಕಾಡುಬೆಳ್ಳುಳ್ಳಿ ಬೇಯಿಸಿ ತಿಂದರು. ಹೊರಲಾಗದ ತೋಪುಗಳನ್ನು ಹೂತಿಟ್ಟರು. ಜೂನ್ 9ರಂದು ಬಾಂಬಿನ ಚೂರು ತಗುಲಿ ಟಿಟೊ ಗಾಯಗೊಂಡರು. ಹನ್ನೆರಡು ದಿನದ ಹಿಂದಷ್ಟೇ ಪ್ಯಾರಾಚೂಟಿನಲ್ಲಿ ಇಳಿದಿದ್ದ ಬ್ರಿಟಿಷ್ ತಂಡದ ಕ್ಯಾಪ್ಟನ್ ಸ್ಟೂವರ್ಟ್ ಅದೇ ದಾಳಿಯಲ್ಲಿ ಸತ್ತರು, ಟಿಟೊ ಅವರ ನಾಯಿಯೂ ಸತ್ತಿತು.

ಹಾಗಾದರೆ ಪಾರಾದದ್ದು ಹೇಗೆ? ಸುತ್ತುಗಟ್ಟಿದ ಸೇನೆ ಹೊರಗಿನಿಂದ ಒಂದೇ ಗೋಡೆಯ ಹಾಗೆ ಕಂಡರೂ ಅದು ಹತ್ತಾರು ದಳಗಳನ್ನು ಜೋಡಿಸಿದ ಹೊಲಿಗೆ. ಎರಡು ದಳಗಳು ಕೂಡುವ ಜಾಗ ಯಾವಾಗಲೂ ಸಡಿಲ. 'ಅದು ನಿಮ್ಮ ಪಾಲು' ಎಂದು ಇವರು, 'ನಿಮ್ಮದು' ಎಂದು ಅವರು. ಅದನ್ನು ಹುಡುಕಲು ರಾತ್ರಿ ಬೇಕು, ಕಾಲುದಾರಿ ಬಲ್ಲ ಊರವರು ಬೇಕು. ಸಿಕ್ಕಿದ ಮೇಲೆ ಇದ್ದ ಬಲವನ್ನೆಲ್ಲ ಅದೊಂದೇ ಜಾಗಕ್ಕೆ ಸುರಿಯಬೇಕು. ಕೋಚಾ ಪೊಪೊವಿಚ್ ನಾಯಕತ್ವದ ಒಂದನೇ ಡಿವಿಷನ್ ಜೂನ್ 10ರಂದು ಜೆಲೆನ್‌ಗೋರಾ ಬೆಟ್ಟಸಾಲಿನಲ್ಲಿ ಹೀಗೆ ಒಂದು ಬಾಯಿ ತೆರೆಯಿತು. ಮುಖ್ಯ ಪಡೆ, ಟಿಟೊ ಸಮೇತ, ಅಲ್ಲಿಂದ ಪೂರ್ವ ಬೋಸ್ನಿಯಾದತ್ತ ಹೊರಬಿತ್ತು.

ಎಲ್ಲರೂ ಹೊರಬೀಳಲಿಲ್ಲ. ಈ ಭಾಗವನ್ನು ಬರೆಯುವುದು ಕಷ್ಟ, ಬಿಡುವುದು ಇನ್ನೂ ಕಷ್ಟ. ಓಡಬಲ್ಲವನಿಗೆ ಬಲೆಯಲ್ಲಿ ಸಂದು ಸಿಗುತ್ತದೆ, ಡೋಲಿಯಲ್ಲಿ ಮಲಗಿದವನಿಗೆ ಸಿಗುವುದಿಲ್ಲ. ಮೂರನೇ ಡಿವಿಷನ್ ಗಾಯಾಳುಗಳ ಜೊತೆ ಹಿಂದೆ ಉಳಿದಿತ್ತು. ಜೂನ್ 13ರಂದು ಅದು ಸುತ್ಯೆಸ್ಕ ದಾಟಿ ನುಗ್ಗಲು ನೋಡಿದಾಗ ದಂಡನಾಯಕ ಸಾವಾ ಕೊವಾಚೆವಿಚ್ ಮುಂಚೂಣಿಯಲ್ಲೇ ಗುಂಡಿಗೆ ಬಲಿಯಾದರು. ಆಮೇಲೆ ಜರ್ಮನರು ಕಾಡನ್ನು ಪೊದೆ ಪೊದೆ ಜಾಲಾಡಿ ಸಿಕ್ಕ ಗಾಯಾಳುಗಳನ್ನು, ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯರನ್ನು ಕೊಂದರು. ಒಟ್ಟು ಸತ್ತ ಪಾರ್ಟಿಸಾನರು 7,000ಕ್ಕೂ ಹೆಚ್ಚು. ಒಳಗಿದ್ದ ಮೂವರಲ್ಲಿ ಒಬ್ಬರು.

ಊರವರ ಪಾಡು ಇದಕ್ಕಿಂತ ಬೇರೆಯಲ್ಲ. ಗುಡ್ಡದಲ್ಲಿದ್ದವರಿಗೆ ರೊಟ್ಟಿ, ಸುದ್ದಿ, ದಾರಿ ಎಲ್ಲವೂ ಹಳ್ಳಿಯಿಂದ ಬರಬೇಕು. ಹೋರಾಟಗಾರ ಕೈಗೆ ಸಿಗದಾಗ ಸೇನೆಯ ಸಿಟ್ಟು ತಿರುಗುವುದು ಹಳ್ಳಿಯ ಮೇಲೆ. ದನಕರು ಹೊಡೆದುಕೊಂಡು ಹೋಗುವುದು, ಮನೆ ಸುಡುವುದು, ಊರು ಖಾಲಿ ಮಾಡಿಸುವುದು ಈ ಯುದ್ಧವಿಧಾನದ ಅಂಗವೇ ಆಗಿತ್ತು, ಎಲ್ಲೋ ಒಬ್ಬಿಬ್ಬರು ಕೈಮೀರಿ ನಡೆದದ್ದಲ್ಲ. ಪೀವಾ ಹೊಳೆಯ ಸೀಮೆಯ ದೋಲಿ ಎಂಬಲ್ಲಿ 1943ರ ಜೂನ್ 7ರಂದು ಎಸ್‌ಎಸ್ ಪಡೆಯ 'ಪ್ರಿನ್ಸ್ ಯೂಜೆನ್' ಡಿವಿಷನ್ ಐನೂರಕ್ಕೂ ಹೆಚ್ಚು ಹಳ್ಳಿಗರನ್ನು ಕೊಂದಿತು. ಅವರಲ್ಲಿ ಪುಟ್ಟ ಮಕ್ಕಳಿದ್ದರು. ಕಾರ್ಯಾಚರಣೆಯ ನಕ್ಷೆಯಲ್ಲಿ ಬಾಣಗಳು, ದಳಗಳ ಸಂಖ್ಯೆಗಳು ಇರುತ್ತವೆ. ದೋಲಿಯ ಮಕ್ಕಳು ಇರುವುದಿಲ್ಲ. ನಕ್ಷೆ ನೋಡಿ ಯುದ್ಧ ಕಲಿಯುವವರು ಇದನ್ನು ಮರೆಯಬಾರದು.

ಇಷ್ಟೆಲ್ಲ ಆಗಿ ಸಾಧಿಸಿದ್ದೇನು? ಮೂರು ತಿಂಗಳೊಳಗೆ, ಸೆಪ್ಟೆಂಬರಿನಲ್ಲಿ, ಇಟಲಿ ಶರಣಾಯಿತು. ಅದರ ಕೋವಿ, ತೋಪು ಎಷ್ಟೋ ಪಾಲು ಪಾರ್ಟಿಸಾನರ ಕೈ ಸೇರಿದವು. ಸುಟ್ಟ ಊರುಗಳಿಂದಲೇ ಹೊಸ ಹುಡುಗರು ಬಂದರು. ಮರುವರ್ಷ ಮೇ 25ರಂದು ಜರ್ಮನರು ಸುತ್ತುಗಟ್ಟುವ ಗೋಜು ಬಿಟ್ಟು ದ್ರ್ವಾರ್ ಪಟ್ಟಣಕ್ಕೆ ಗ್ಲೈಡರು, ಪ್ಯಾರಾಚೂಟುಗಳಲ್ಲಿ ನೇರ ಇಳಿದು ಟಿಟೊ ಇದ್ದ ಗುಹೆಗೇ ಕೈ ಹಾಕಿದರು. ಆಗಲೂ ಅವರು ತಪ್ಪಿಸಿಕೊಂಡರು.

ಗುಡ್ಡಗಾಡಿನ ಹೋರಾಟಗಾರನನ್ನು ಹಿಡಿಸುವುದು ಬಹಳ ಸಲ ಸುತ್ತುವರಿಕೆಯಲ್ಲ, ಸುಳಿವು. ನಮ್ಮದೇ ನೆಲದಲ್ಲಿ ಇದಕ್ಕೆ ಸಾಕ್ಷಿ ಉಂಟು. ವೀರಪ್ಪನ್ ಹೋರಾಟಗಾರನಲ್ಲ, ದಂತಚೋರ, ಕೊಲೆಗಾರ; ಆದರೂ ವಿಧಾನದ ಪಾಠಕ್ಕೆ ಅವನ ಹೆಸರು ಬರುತ್ತದೆ. ಎರಡು ರಾಜ್ಯಗಳ ಕಾರ್ಯಪಡೆಗಳು ವರ್ಷಗಟ್ಟಲೆ ಕಾಡು ಜಾಲಾಡಿದರೂ ಸಿಗದವನು 2004ರ ಅಕ್ಟೋಬರ್ 18ರಂದು ಸತ್ತದ್ದು ಕಾಡಿನ ಹೊರಗೆ, ಕಣ್ಣಿನ ಚಿಕಿತ್ಸೆಗೆಂದು ನಂಬಿ ಹತ್ತಿದ ಆಂಬುಲೆನ್ಸಿನಲ್ಲಿ.

ಅವನಿಗಿಂತ ನೂರ ಎಪ್ಪತ್ತು ವರ್ಷ ಹಿಂದಿನ ಸಂಗೊಳ್ಳಿ ರಾಯಣ್ಣನ ಕಥೆ ಎದೆಗೆ ಹತ್ತಿರದ್ದು. ಕಿತ್ತೂರು 1824ರ ಡಿಸೆಂಬರಿನಲ್ಲಿ ಬಿದ್ದ ಮೇಲೆ ಆತ ಹಿಡಿದದ್ದು ನಮ್ಮ ಜಿಲ್ಲೆಯ ಹಳಿಯಾಳ ಸೀಮೆಗೆ ತಾಗಿಕೊಂಡ ಖಾನಾಪುರ, ನಂದಗಡದ ಕಾಡನ್ನು. 1830ರ ಜನವರಿಯಲ್ಲಿ ಬೀಡಿ ಎಂಬ ಊರಿನ ಕಂಪನಿ ಕಚೇರಿಗೆ ಬೆಂಕಿ ಬಿತ್ತು, ಭೂಮಿಯ ಕಾಗದಪತ್ರ ಸುಟ್ಟವು. ಕಂದಾಯದ ಲೆಕ್ಕವೇ ಇಲ್ಲದಿದ್ದರೆ ಕಂಪನಿ ಸರಕಾರ ಕುರುಡು ಎಂಬುದು ಆತನಿಗೆ ಗೊತ್ತಿತ್ತು. ಅಟ್ಟಿಸಿಕೊಂಡು ಬಂದ ಪಲ್ಟನ್ನುಗಳಿಗೆ ಆತ ಸಿಗಲಿಲ್ಲ. ಆಗ ಆಂಗ್ಲರು ಊರಗೌಡರನ್ನು ಒಲಿಸಿಕೊಂಡರು, ತಮ್ಮವರನ್ನು ನಂಬಿಗಸ್ಥರ ವೇಷದಲ್ಲಿ ಆತನ ದಂಡಿನೊಳಗೆ ಸೇರಿಸಿದರು. ಏಪ್ರಿಲಿನಲ್ಲಿ ಆತ ಹಳ್ಳದಲ್ಲಿ ಮೀಯಲು ಇಳಿದಾಗ, ಕತ್ತಿ ಕೈಯಲ್ಲಿಲ್ಲದ ಆ ಗಳಿಗೆಯಲ್ಲಿ, ಜೊತೆಗಿದ್ದವರೇ ಹಿಡಿದುಕೊಟ್ಟರು ಎಂದು ಆ ಸೀಮೆಯ ಜನ ಇವತ್ತಿಗೂ ಹೇಳುತ್ತಾರೆ.

1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ.