ಎರಡು ಕೆಬಿ ಬೋರ್ಡಿನಲ್ಲಿ ‘ಕರ್ನಾಟಕ’

ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ನಮ್ಮ ನಾಲ್ಕು ಮನೆಗಳ ಮಕ್ಕಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಅರಬ್ಬಿ, ಹಿಂದಿ ಉಂಟು, ಕನ್ನಡ ಇಲ್ಲ. ಕಾಪಿ ಪುಸ್ತಕ ಕೊಟ್ಟರೆ ಎರಡನೇ ದಿನಕ್ಕೆ ಮೂಲೆ ಸೇರುತ್ತದೆ. ಹೀಗಾಗಿ ಬೇಸಿಗೆ ರಜೆಯಲ್ಲಿ, ಹೊರಗೆ ಕಾಲಿಡಲಾಗದ ಬಿಸಿಲಿರುವಾಗ, ಬೇರೊಂದು ದಾರಿ ಹಿಡಿದೆವು. ಅಂಗೈಯಗಲದ ಆರ್ಡುಯಿನೊ ಊನೊ ಬೋರ್ಡ್ ಕೊಟ್ಟು, ಇದರಿಂದ ಟಿವಿಯಲ್ಲಿ ‘ಕರ್ನಾಟಕ’ ಎಂದು ಬರಿಸಿ ತೋರಿಸಿ ಎಂದೆವು.

ಕೇಳಲು ಸುಲಭ. ಆದರೆ ಈ ಬೋರ್ಡಿನಲ್ಲಿ ವಿಡಿಯೊ ಕಳಿಸಲೆಂದೇ ಇರುವ ಭಾಗ ಯಾವುದೂ ಇಲ್ಲ. ಕೆಲಸ ಮಾಡುವಾಗ ಬಳಸಲು ಇರುವ ಮೆಮೊರಿ ಬರೀ 2 ಕೆಬಿ, ಅಂದರೆ 2,048 ಬೈಟ್. ಮೊಬೈಲಿನಲ್ಲಿ ತೆಗೆದ 2 ಎಂಬಿಯ ಒಂದು ಫೋಟೊ ಇದರ ಸಾವಿರ ಪಟ್ಟು! ಟಿವಿಔಟ್ ಎಂಬ ಉಚಿತ ತಂತ್ರಾಂಶ ಇಷ್ಟರಲ್ಲೇ ಅಡ್ಡಕ್ಕೆ 128, ಉದ್ದಕ್ಕೆ 96 ಚುಕ್ಕಿಗಳ ಕಪ್ಪು-ಬಿಳುಪು ಪರದೆ ಮಾಡಿಕೊಡುತ್ತದೆ. ಒಟ್ಟು 12,288 ಚುಕ್ಕಿ. ಒಂದು ಬೈಟಿಗೆ ಎಂಟು ಚುಕ್ಕಿಯಂತೆ 1,536 ಬೈಟ್. ಮುಕ್ಕಾಲು ಪಾಲು ಪರದೆಗೇ ಹೋಯಿತು. ಗಲ್ಫ್‌ನಲ್ಲಿ ಮನೆ ಬಾಡಿಗೆ ಕಟ್ಟುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಉಳಿದ 512 ಬೈಟಿನಲ್ಲಿ ಬಾಕಿ ಸಂಸಾರವೆಲ್ಲ ನಡೆಯಬೇಕು.

ಜಾಗದಷ್ಟೇ ಸಮಯಕ್ಕೂ ಬರ. ಇಲ್ಲಿಯೂ ಊರಿನಲ್ಲಿಯೂ ಟಿವಿ ಪಾಲ್ ಪದ್ಧತಿಯದು: ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ, ಒಂದು ಗೆರೆಗೆ 64 ಮೈಕ್ರೊಸೆಕೆಂಡ್. ಚಿಪ್ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವುದರಿಂದ ಒಂದು ಗೆರೆಗೆ ಸಿಗುವುದು 1,024 ಮಿಡಿತ. ಅಷ್ಟರಲ್ಲಿ ‘ಹೊಸ ಗೆರೆ ಶುರು’ ಎಂಬ ಸೂಚನೆ ಕೊಟ್ಟು ಚುಕ್ಕಿಗಳನ್ನೂ ಕಳಿಸಬೇಕು. ತಡವಾದರೆ ಚಿತ್ರ ವಾಲುತ್ತದೆ, ಹರಿಯುತ್ತದೆ. ಜೋಡಣೆ ಮಾತ್ರ ಎರಡೇ ರೆಸಿಸ್ಟರ್‌ಗಳದ್ದು. ಸೂಚನೆ ಹೊರಡುವ 9ನೇ ಪಿನ್ನಿಗೆ 1,000 ಓಮ್, ಚುಕ್ಕಿ ಹೊರಡುವ 7ನೇ ಪಿನ್ನಿಗೆ 470 ಓಮ್. ಎರಡನ್ನೂ ಸೇರಿಸಿ ಟಿವಿಯ ಹಳದಿ ಪಿನ್ನಿನ ಕೇಬಲ್ಲಿಗೆ. 1977ರ ಅಟಾರಿ ಆಟದ ಪೆಟ್ಟಿಗೆಯಲ್ಲಿ ಇದ್ದದ್ದು 128 ಬೈಟ್ ಮಾತ್ರ, ಅದರಲ್ಲೇ ಬಣ್ಣದ ಆಟ ಆಡಿಸುತ್ತಿದ್ದರು ಎಂದಾಗ ಮಕ್ಕಳು ನಂಬಲಿಲ್ಲ.

ಇಂಗ್ಲಿಷಿನಲ್ಲಿ ಹೆಸರು ಮೊದಲ ಸಂಜೆಯೇ ಬಂತು, ಆ ಅಕ್ಷರಗಳು ತಂತ್ರಾಂಶದಲ್ಲೇ ಇವೆ. ಕನ್ನಡ ಇರಲಿಲ್ಲ. ಚೌಕುಳಿ ಹಾಳೆಯಲ್ಲಿ ಅಕ್ಷರಕ್ಕೆ 16ಕ್ಕೆ 16 ಮನೆ ಹಾಕಿ, ಚುಕ್ಕಿ ತುಂಬಿಸಿ ಮಕ್ಕಳೇ ಬರೆಯಬೇಕಾಯಿತು. ಅಕ್ಷರವೊಂದಕ್ಕೆ 32 ಬೈಟ್. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಹಾಕಿದರೆ 510 ರೂಪ, 16,320 ಬೈಟ್. ಚಿಪ್ಪಿನಲ್ಲಿ ಪ್ರೋಗ್ರಾಂ ಇಡುವ 32 ಕೆಬಿ ಜಾಗದ ಅರ್ಧ ಅಲ್ಲಿಗೇ ಮುಗಿಯಿತು, ಒತ್ತಕ್ಷರಗಳ ಲೆಕ್ಕ ಇನ್ನೂ ಬಾಕಿ. ಆದ್ದರಿಂದ ಬೇಕಾದಷ್ಟನ್ನೇ ಬರೆಯುವುದೆಂದು ತೀರ್ಮಾನವಾಯಿತು.

‘ಕರ್ನಾಟಕ’ದ ಫೋಟೊವನ್ನು ಕುಂದಾಪುರದ ಅಜ್ಜಿಗೆ ವಾಟ್ಸಾಪ್ ಮಾಡಿದೆವು. ವಾಟ್ಸಾಪ್ ಕರೆ ಇಲ್ಲಿ ಸಿಗದು, ಫೋಟೊಗೆ ಅಡ್ಡಿಯಿಲ್ಲ. ಶಾಲೆಯಲ್ಲಿ ಟೀಚರಾಗಿದ್ದವರು, ಐದೇ ನಿಮಿಷಕ್ಕೆ ಧ್ವನಿ ಸಂದೇಶ ಬಂತು: “ಅರ್ಕಾವತ್ತು ‘ನಾ’ ಆದ ಮೇಲೆ ಬರ್ಬೇಕು ಮಗಾ, ಮೊದ್ಲೇ ಯಾಕೆ ಕೂರಿಸಿದ್ದಿ?” ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಆಮೇಲೆ ಕೂರುತ್ತದೆ ಎಂಬುದು ಮೊಮ್ಮಗಳಿಗೆ ಹೊಸ ವಿಷಯ. ಹಾಳೆ ಅಳಿಸಿ ಮತ್ತೆ ಬರೆದಳು. ಈಗ ದಿನಾ ಒಂದೆರಡು ಅಕ್ಷರ ಕುಂದಾಪುರಕ್ಕೆ ಹೋಗಿ ತಿದ್ದಿಸಿಕೊಂಡು ಬರುತ್ತವೆ. ಣಕಾರದ ಹೊಟ್ಟೆ ಮೂರು ಸಲ ವಾಪಸಾಯಿತು. ಅಜ್ಜಿ ಮಾರ್ಕು ಕೊಡುವುದರಲ್ಲಿ ಬಲು ಬಿಗಿ.

ದೊಡ್ಡ ಹುಡುಗರ ಕಣ್ಣು ಈಗ ರಾಸ್ಪ್‌ಬೆರಿ ಪೈ ಪಿಕೊ ಮೇಲೆ. 2021ರಲ್ಲಿ 4 ಡಾಲರಿಗೆ ಬಂದ ಬೋರ್ಡ್, ಮೆಮೊರಿ 264 ಕೆಬಿ. ಅದರಲ್ಲೂ 640ಕ್ಕೆ 480 ಚುಕ್ಕಿಯ ಪರದೆಗೆ ಚುಕ್ಕಿಗೊಂದು ಬೈಟ್ ಎಂದರೆ 300 ಕೆಬಿ ಬೇಕು, ಸಾಲದು ಎಂದು ಅವರೇ ಲೆಕ್ಕ ಹಾಕಿದ್ದಾರೆ. ಅಡ್ಡ, ಉದ್ದ ಎರಡನ್ನೂ ಅರ್ಧ ಮಾಡಿದರೆ 75 ಕೆಬಿಯಲ್ಲಿ ಸುಧಾರಿಸುತ್ತದಂತೆ.

ಮಕ್ಕಳ ಇಂಥ ಬೋರ್ಡನ್ನು ಊರಿಗೆ ಒಯ್ಯುವವರು ಮೊದಲು ಅಲ್ಲಿಯ ಟಿವಿಯ ಹಿಂಬದಿಯ ಫೋಟೊ ತರಿಸಿಕೊಳ್ಳಿ. ಹಳದಿ ಕಿಂಡಿಯಿದ್ದರೆ ನೇರ ಸಿಕ್ಕಿಸಬಹುದು. ಎಚ್‌ಡಿಎಂಐ ಮಾತ್ರ ಇದ್ದರೆ ನಡುವೆ ಒಂದು ಕನ್ವರ್ಟರ್ ಬೇಕಾಗುತ್ತದೆ.