ಕ್ರೋಯ್ಡನ್ನಿನ ಮತಗಟ್ಟೆ: ಭ್ರಾಂತಿ ಮತ್ತು ವಸ್ತುಸ್ಥಿತಿ

ಬ್ರಿಟಿಷ್ ಪಾಸ್‌ಪೋರ್ಟು ಕೈಸೇರುವವರೆಗೆ ಇಲ್ಲಿಯ ಚುನಾವಣೆಯು ನಮಗೆ ಸಂಬಂಧಿಸಿದ್ದಲ್ಲವೆಂಬ ಮಾತು ಕ್ರೋಯ್ಡನ್ನಿನ ಕನ್ನಡ ಮನೆಗಳಲ್ಲಿ ನಿಸ್ಸಂಶಯದ ಧ್ವನಿಯಲ್ಲಿಯೇ ಕೇಳಿಬರುವುದುಂಟು. ವಸ್ತುಸ್ಥಿತಿ ಬೇರೆ. ಭಾರತದಂಥ ಕಾಮನ್‌ವೆಲ್ತ್ ರಾಷ್ಟ್ರವೊಂದರ ವಯಸ್ಕ ಪ್ರಜೆಯಾಗಿದ್ದು, ಇಲ್ಲಿ ವಾಸಿಸಲು ಸಕ್ರಮವಾದ ಅನುಮತಿಯನ್ನು ಪಡೆದಿರುವವರು, ಉದ್ಯೋಗದ ವೀಸಾದ ಮೇಲೆ ಬಂದವರಾಗಲಿ, ವಿದ್ಯಾರ್ಥಿಗಳಾಗಲಿ, ಪಾರ್ಲಿಮೆಂಟಿನಿಂದ ಮೊದಲ್ಗೊಂಡು ಕ್ರೋಯ್ಡನ್ ಕೌನ್ಸಿಲಿನವರೆಗೆ ಎಲ್ಲ ಚುನಾವಣೆಗಳಲ್ಲಿಯೂ ಮತ ಚಲಾಯಿಸಲು ಅರ್ಹರು. ಇದರಿಂದ ಭಾರತದ ಪೌರತ್ವಕ್ಕೆ ಚ್ಯುತಿಯಿಲ್ಲ; 1955ರ ಪೌರತ್ವ ಕಾಯಿದೆಯಂತೆ ಅದು ನಷ್ಟವಾಗುವುದು ಅನ್ಯದೇಶದ ಪೌರತ್ವವನ್ನು ಸ್ವೇಚ್ಛೆಯಿಂದ ಸ್ವೀಕರಿಸಿದಾಗ. 2023ರಿಂದ ಮತಗಟ್ಟೆಯಲ್ಲಿ ಕೇಳುವ ಭಾವಚಿತ್ರದ ಗುರುತುಪತ್ರಕ್ಕೂ ಭಾರತೀಯ ಪಾಸ್‌ಪೋರ್ಟೇ ಸಾಕು. ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಅಡ್ಡಿಯಿಲ್ಲ.

ವಲಸೆ ಇಲಾಖೆಯ ಲೂನಾರ್ ಹೌಸ್ ಊರ ನಡುವೆಯೇ ತಲೆಯೆತ್ತಿ ನಿಂತಿರುವುದರಿಂದಲೋ ಏನೋ, ಮತದಾರರ ಪಟ್ಟಿಗೆ ಹೆಸರು ಕೊಟ್ಟರೆ ವೀಸಾಕ್ಕೆ ತೊಡಕಾದೀತೆಂಬ ಅಂಜಿಕೆಯೂ ಕೆಲವರಿಗುಂಟು. ಆದರೆ ಪಟ್ಟಿಯನ್ನು ಸಿದ್ಧಪಡಿಸುವವರು ವಲಸೆ ಇಲಾಖೆಯವರಲ್ಲ, ಕೌನ್ಸಿಲಿನ ನೋಂದಣಾಧಿಕಾರಿಗಳು. ಅರ್ಹರು ಹೆಸರು ಕೊಡುವುದು ಅಪರಾಧವಾಗುವುದಿರಲಿ, ವಿಧ್ಯುಕ್ತವಾಗಿ ಕೇಳಿದ ಮೇಲೂ ಅರ್ಜಿ ಕೊಡದಿದ್ದರೆ 80 ಪೌಂಡು ದಂಡ ಬೀಳಬಹುದು.

ಮತಪತ್ರದ ಬೆನ್ನಿನ ಸಂಖ್ಯೆಯನ್ನು ಕಂಡು ಬೆಚ್ಚುವವರೂ ಇದ್ದಾರೆ. ಆ ಸಂಖ್ಯೆ ವಂಚನೆಯ ತನಿಖೆಗಾಗಿ ಇರುವುದು. ಎಣಿಕೆ ಮುಗಿದೊಡನೆ ಪತ್ರಗಳಿಗೆ ಮುದ್ರೆ ಬೀಳುವುದು, ನ್ಯಾಯಾಲಯದ ಆಜ್ಞೆಯಿಲ್ಲದೆ ಅದನ್ನು ಒಡೆಯುವಂತಿಲ್ಲ. ಬಾಗಿಲಲ್ಲಿ ನಿಂತು ಮತದಾರರ ಸಂಖ್ಯೆ ಕೇಳುವವರಾದರೋ ಪಕ್ಷಗಳ ಸ್ವಯಂಸೇವಕರು. ಉತ್ತರಿಸದೆ ಒಳಗೆ ನಡೆಯಬಹುದು.

ಬೆದರಿಕೆಯೆಂದೊಡನೆ ದೊಣ್ಣೆ ಹಿಡಿದ ಪುಂಡರನ್ನಷ್ಟೇ ಕಲ್ಪಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಭ್ರಾಂತಿ. ಹಿಂಸೆಯೊಂದನ್ನೇ ಅಲ್ಲದೆ, ಮತವನ್ನು ತಿರುಗಿಸುವ ಉದ್ದೇಶದಿಂದ ಆಸ್ತಿಗೋ ಮಾನಕ್ಕೋ ಜೀವನೋಪಾಯಕ್ಕೋ ಹಾನಿಯ ಭಯವನ್ನೊಡ್ಡುವುದನ್ನೂ, ದೇವರ ಹೆಸರಿನಲ್ಲಿ ಮನಸ್ಸನ್ನು ಬಂಧಿಸುವುದನ್ನೂ 2022ರ ಚುನಾವಣಾ ಕಾಯಿದೆಯು ‘ಅನುಚಿತ ಪ್ರಭಾವ’ವೆಂಬ ಅಪರಾಧದೊಳಗೆ ಸ್ಪಷ್ಟವಾಗಿ ಸೇರಿಸಿದೆ. ಲಂಡನ್ನಿನದೇ ಆದ ಟವರ್ ಹ್ಯಾಮ್ಲೆಟ್ಸಿನ 2014ರ ಮೇಯರ್ ಚುನಾವಣೆಯನ್ನು ಮರುವರ್ಷ ಚುನಾವಣಾ ನ್ಯಾಯಾಲಯದ ಆಯುಕ್ತ ರಿಚರ್ಡ್ ಮೌರಿಯವರು ಅಸಿಂಧುವೆಂದು ಸಾರಿದಾಗ, ಅವರು ಕಂಡ ಹಲವು ದೋಷಗಳಲ್ಲಿ ಇಂಥ ಧಾರ್ಮಿಕ ಒತ್ತಡವೂ ಒಂದಾಗಿತ್ತು. ಆ ಮೊಕದ್ದಮೆಯನ್ನು ಹೂಡಿದವರು ನಾಲ್ವರು ಮತದಾರರು.

ನಮ್ಮ ಮನೆಗಳಲ್ಲಿ ನಾನು ಹೆಚ್ಚಾಗಿ ಶಂಕಿಸುವುದು ಕೋಪವನ್ನಲ್ಲ, ಸೌಜನ್ಯವನ್ನು. ಅಂಚೆಯ ಮತಪತ್ರ ಬಂದೊಡನೆ “ಕೊಡಿ ಅತ್ತೆ, ನಿಮಗೇಕೆ ತೊಂದರೆ, ನಾನೇ ತುಂಬಿಬಿಡುತ್ತೇನೆ” ಎನ್ನುವ ಅಳಿಯನಿಗೆ, ಆ ಮತ ಅತ್ತೆಯದೆಂಬುದಾಗಲಿ, ಅದನ್ನು ಆಕೆ ಏಕಾಂತದಲ್ಲಿ ಗುರುತಿಸಬೇಕೆಂಬುದಾಗಲಿ ಹೊಳೆಯುವುದೇ ಇಲ್ಲ. ಮತಗಟ್ಟೆಯಲ್ಲಿಯಂತೂ ಪ್ರಭಾವ ಬೀರುವ ಉದ್ದೇಶದಿಂದ ಇನ್ನೊಬ್ಬರ ಪಕ್ಕದಲ್ಲಿ ನಿಲ್ಲುವುದು, ಗಂಡನೇ ಆಗಿರಲಿ ಮಗನೇ ಆಗಿರಲಿ, 2023ರ ಮತರಹಸ್ಯ ಕಾಯಿದೆಯಂತೆ ಅಪರಾಧ. ಮತದಾರಳಿಗೆ ಕಣ್ಣು ಮಂಜಾಗಿದ್ದರೆ ಮತಗಟ್ಟೆಯ ಅಧಿಕಾರಿಯ ನೆರವನ್ನು ಕೇಳಬಹುದು, ಇಲ್ಲವೇ ತಾನೇ ಆರಿಸಿಕೊಂಡ ಸಹಾಯಕರನ್ನು ಕರೆತರಬಹುದು. ಆ ಸಹಾಯಕರು ಆಕೆ ಹೇಳಿದಲ್ಲಿಯೇ ಗುರುತು ಹಾಕಬೇಕು.