ಉರಿಯೂತವೇ ಮದ್ದಾಗುವ ಬಗೆ: ಶ್ವಾಸಕೋಶದ ಹೊರಪೊರೆಗೆ ಟಾಲ್ಕ್ ಚಿಕಿತ್ಸೆ

ಶ್ವಾಸಕೋಶವನ್ನು ಆವರಿಸಿದ ಒಂದು ಪದರ, ಎದೆಗೂಡಿನ ಒಳಗೋಡೆಗೆ ಹೊಂದಿಕೊಂಡ ಇನ್ನೊಂದು ಪದರ, ಹೀಗೆ ಎರಡು ಪದರಗಳುಳ್ಳ ತೆಳುಪೊರೆಯನ್ನು ವೈದ್ಯಶಾಸ್ತ್ರದಲ್ಲಿ ಪ್ಲೂರಾ ಎನ್ನುತ್ತಾರೆ. ಕ್ಯಾನ್ಸರ್ ಈ ಪೊರೆಗೆ ಹಬ್ಬಿ ಪದರಗಳ ನಡುವೆ ಮತ್ತೆ ಮತ್ತೆ ನೀರು ತುಂಬಿದಾಗ, ಅಥವಾ ಶ್ವಾಸಕೋಶದಿಂದ ಸೋರಿದ ಗಾಳಿ ಪದೇ ಪದೇ ಅಲ್ಲಿ ಸೇರಿಕೊಂಡಾಗ, ಕ್ರಿಮಿಶುದ್ಧ ಟಾಲ್ಕ್ ಪುಡಿಯನ್ನು ಒಳಗೆ ಸಿಂಪಡಿಸಿ ಇಲ್ಲವೇ ದ್ರವದಲ್ಲಿ ಕಲಸಿ ಕೊಳವೆಯ ಮೂಲಕ ಹಾಕಿ, ಎರಡೂ ಪದರಗಳು ಬೆಸೆದುಕೊಳ್ಳುವಂತೆ ಮಾಡುವ ಚಿಕಿತ್ಸೆಯೇ ಪ್ಲೂರೋಡೆಸಿಸ್. ಟಾಲ್ಕ್ ಸಿಂಪಡಿಸುವ ಕ್ರಮವನ್ನು 1935ರಲ್ಲಿ ವಿವರಿಸಿದವರು ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್.

ಟಾಲ್ಕ್ ಸ್ವತಃ ಅಂಟಲ್ಲ. ಮೆಗ್ನೀಸಿಯಂ ಸಿಲಿಕೇಟ್ ಜಾತಿಯ ಈ ಖನಿಜದ ಕಣಗಳು ಪೊರೆಯ ಮೇಲ್ಮೈಯ ಜೀವಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಕೋಶಗಳು ಇಂಟರ್‌ಲ್ಯೂಕಿನ್-8ರಂಥ ಸಂಕೇತದ್ರವ್ಯಗಳನ್ನು ಹೊರಸೂಸಿ ಬಿಳಿರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಬಳಿಕ ಫೈಬ್ರಿನ್ ಎಂಬ ನಾರು ಪದರಗಳ ನಡುವೆ ಹರಡಿಕೊಂಡು, ಕ್ರಮೇಣ ಅದರ ಜಾಗದಲ್ಲಿ ಕೊಲ್ಯಾಜನ್ ಬೆಳೆದು, ಗಾಯ ಮಾಯ್ದ ಮೇಲೆ ಉಳಿಯುವ ಕಲೆಯಂತೆ ಗಟ್ಟಿಯಾಗುತ್ತದೆ. ಉರಿಯೂತವಿಲ್ಲದೆ ಈ ಚಿಕಿತ್ಸೆಯೇ ಇಲ್ಲವಾದ್ದರಿಂದ ಮೊದಲ ಒಂದೆರಡು ದಿನ ಜ್ವರ, ಎದೆನೋವು ಕಾಣಿಸಿಕೊಳ್ಳುವುದು ಅನಿರೀಕ್ಷಿತವೇನಲ್ಲ. ಪ್ರಾಣಿಪ್ರಯೋಗಗಳಲ್ಲಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಈ ಬೆಸುಗೆಯನ್ನು ದುರ್ಬಲಗೊಳಿಸಿದ್ದೂ ಇದೇ ಕಾರಣದಿಂದ. ನೋವುನಿವಾರಕ ಐಬುಪ್ರೊಫೆನ್ ಬಗೆಗೂ ಇದ್ದ ಇಂಥದೇ ಅಳುಕನ್ನು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಬಹುಮಟ್ಟಿಗೆ ನಿವಾರಿಸಿತು.

ಸೋಂಕು ತಗುಲಿದಾಗ ಅಥವಾ ಉರಿಯೂತವು ಪೊರೆಯ ಎಲ್ಲೆ ದಾಟಿದಾಗ ಮಾತ್ರ ಪ್ರಸಂಗ ಗಂಭೀರವಾಗುತ್ತದೆ. ಕೀವು ತುಂಬುವ ಎಂಪೈಮಾ ಒಂದು ತೊಡಕಾದರೆ, ಎರಡೂ ಶ್ವಾಸಕೋಶಗಳು ಊದಿಕೊಂಡು ರಕ್ತಕ್ಕೆ ಆಮ್ಲಜನಕ ಒದಗಿಸಲಾಗದ ಎಆರ್‌ಡಿಎಸ್ ಎಂಬ ಸ್ಥಿತಿ ವಿರಳವಾದರೂ ಪ್ರಾಣಕ್ಕೇ ಎರವಾಗಬಲ್ಲುದು. ಇದರ ಹೊಣೆಯನ್ನು ಬಹುಕಾಲ ಟಾಲ್ಕ್‌ನ ಪ್ರಮಾಣದ ಮೇಲಷ್ಟೇ ಹೊರಿಸಲಾಗುತ್ತಿತ್ತು. ಸಾಮಾನ್ಯವಾಗಿ 4ರಿಂದ 5 ಗ್ರಾಂ ಮೀರದಂತೆ ನೋಡಿಕೊಳ್ಳುವ ರೂಢಿಗೆ ಇದೂ ಒಂದು ಕಾರಣ. ಕಣಗಳ ಗಾತ್ರವೇ ಹೆಚ್ಚು ನಿರ್ಣಾಯಕವೆಂಬುದು ಅನಂತರ ಸ್ಪಷ್ಟವಾಗುತ್ತ ಬಂತು. ಅತಿ ಸಣ್ಣ ಕಣಗಳು ಪೊರೆಯಿಂದ ನುಸುಳಿ ದೇಹದ ಇತರ ಅಂಗಗಳಿಗೂ ತಲುಪಿ ಉರಿಯೂತವನ್ನು ವ್ಯಾಪಕಗೊಳಿಸುತ್ತವೆ. ಅವನ್ನು ಸೋಸಿ ತೆಗೆದ ದಪ್ಪಕಣದ ಟಾಲ್ಕ್ ಬಳಸಿ ಯೂರೋಪಿನ 13 ಆಸ್ಪತ್ರೆಗಳಲ್ಲಿ ಹಾಗೂ ದಕ್ಷಿಣ ಆಫ್ರಿಕಾದ ಒಂದು ಆಸ್ಪತ್ರೆಯಲ್ಲಿ 558 ರೋಗಿಗಳಿಗೆ ಚಿಕಿತ್ಸೆ ನೀಡಿದಾಗ ಒಬ್ಬರಲ್ಲೂ ಎಆರ್‌ಡಿಎಸ್ ಕಾಣಲಿಲ್ಲವೆಂದು 2007ರಲ್ಲಿ ವರದಿಯಾಯಿತು. ತುಲನೆಗೆ ಇನ್ನೊಂದು ಗುಂಪಿಲ್ಲದ ಅಧ್ಯಯನವಾದರೂ ಇದನ್ನು ಕಡೆಗಣಿಸುವಂತಿಲ್ಲ, ಟಾಲ್ಕ್ ಎಂದರೆ ಎಲ್ಲ ಕಡೆಯೂ ಒಂದೇ ವಸ್ತುವೆಂಬ ಊಹೆ ಇನ್ನು ನಿಲ್ಲುವುದಿಲ್ಲ.

ಒಳಗೆ ಉಳಿದ ಟಾಲ್ಕ್ ಕರಗಿಹೋಗುವುದಿಲ್ಲ. ಅದರ ಸುತ್ತ ಮಂದಗತಿಯ ಉರಿಯೂತ ವರ್ಷಗಟ್ಟಲೆ ಮುಂದುವರಿದು ಗಂಟುಗಳು ಕಟ್ಟಬಹುದು. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಕೋಶಗಳನ್ನು ಗುರುತಿಸುವ ಪೆಟ್ ಸ್ಕ್ಯಾನ್‌ನಲ್ಲಿ ಇವು ಕ್ಯಾನ್ಸರ್ ಗಡ್ಡೆಯಂತೆಯೇ ಹೊಳೆದು ವೈದ್ಯರನ್ನು ದಾರಿ ತಪ್ಪಿಸಬಹುದು. ಆದ್ದರಿಂದ ಈ ಚಿಕಿತ್ಸೆ ಪಡೆದವರು ಎಷ್ಟೇ ವರ್ಷ ಕಳೆದಿದ್ದರೂ ಸ್ಕ್ಯಾನ್‌ಗೆ ಮೊದಲು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಹಳೆಯ ದಾಖಲೆಗಳನ್ನೂ ಜೊತೆಗೊಯ್ಯಬೇಕು.